ಥೈಮಸ್ ಗ್ರಂಥಿಯನ್ನು ತೆಗೆದ ಮೇಲೆ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಯೋಗಶಾಲೆಯಲ್ಲಿ ದ್ವಿತೀಯ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಲೋಲಕದ ಆಂದೋಲನಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. ಜೊತೆಗಾತಿ ಗಡಿಯಾರ ಹಿಡಿದು ಕಾಲವನ್ನು ಬರೆದುಕೊಳ್ಳುತ್ತಿದ್ದಳು. ಇಪ್ಪತ್ತರವರೆಗೆ ಸ್ಪಷ್ಟವಾಗಿದ್ದ ಧ್ವನಿ ಮೂವತ್ತರ ಹೊತ್ತಿಗೆ ಮೂಗಿನಿಂದ ಬರತೊಡಗಿತು. ನಲವತ್ತಕ್ಕೆ ಬರುವಷ್ಟರಲ್ಲಿ ತುಟಿಗಳು ಅಲುಗುತ್ತಿದ್ದವೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನೆ ಕುಳಿತ ಬಳಿಕ ಧ್ವನಿ ಮರಳಿತು. ಹಿಂದಿನ ರಾತ್ರಿ ನಿದ್ದೆಗೆಟ್ಟಿರಬೇಕೆಂದು ಭಾವಿಸಿ, ಎಣಿಕೆಯನ್ನು ಮೊದಲಿನಿಂದ ಮಾಡೆಂದು ನಾನು ಗದರಿಸಿದ್ದೂ ಉಂಟು. ಕೆಲವು ವಾರಗಳಲ್ಲಿ ಸಾಯಂಕಾಲವಾದರೆ ರೆಪ್ಪೆಗಳು ಇಳಿಬೀಳುವುದು, ಅನ್ನ ಅಗಿಯುವಾಗ ದವಡೆ ಸೋಲುವುದು ಮೊದಲಾಯಿತು. ವೈದ್ಯರು ಪರೀಕ್ಷಿಸಿ ಇದು ಮಯಸ್ತೀನಿಯ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯ ರೋಗವೆಂದು ನಿರ್ಣಯಿಸಿದರು. ಔಷಧೋಪಚಾರ ನಡೆದು, ಸುಮಾರು ಎಂಟು ತಿಂಗಳ ಅನಂತರ ಎದೆಯನ್ನು ತೆರೆದು ಥೈಮಸ್ ಗ್ರಂಥಿಯನ್ನು ತೆಗೆದುಹಾಕಿದರು.

ಶಸ್ತ್ರಕ್ರಿಯೆಯಾಗಿ ಮೂರು ತಿಂಗಳಾದ ಮೇಲೆ ಆಕೆ ಕಾಲೇಜಿಗೆ ಬಂದು ನನ್ನನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಸರ್, ಹೊಲಿಗೆ ಒಣಗಿತು, ಎಲುಬೂ ಕೂಡಿಕೊಂಡಿತು ಅಂದರು. ಆದರೂ ಸಂಜೆಯಾದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಹಾಗಾದರೆ ಎದೆ ಕೊಯ್ಸಿಕೊಂಡದ್ದು ದಂಡವಾಯಿತೇ?” ದಂಡವಾದ ಮೇಲೆ ಮಾತ್ರೆಗಳನ್ನು ತಾನೇ ಏಕೆ ನುಂಗಬೇಕೆಂದು ಆಕೆ ಅವನ್ನು ಬಿಟ್ಟುಬಿಡುವ ಆಲೋಚನೆಯಲ್ಲಿದ್ದಳು. ಆ ಆಲೋಚನೆ ಪ್ರಾಣಾಪಾಯಕರವಾದುದು. ಚಿಕಿತ್ಸೆಯ ವಿಷಯದಲ್ಲಿ ಮಾತನಾಡತಕ್ಕವರು ವೈದ್ಯರೇ ಹೊರತು ಭೌತವಿಜ್ಞಾನದ ಉಪಾಧ್ಯಾಯನಲ್ಲ. ಆದಕಾರಣ ಕೂಡಲೇ ಹಿಂದಿರುಗಿ ವೈದ್ಯರನ್ನು ಕಾಣೆಂದು ಹೇಳಿ ಕಳುಹಿಸಿದೆ. ಆದರೆ ಆಕೆಯ ಪ್ರಶ್ನೆಗೆ ಉತ್ತರದ ಬಹುಭಾಗವು ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರತಿದಿನವೂ ಕಾಣುವ ಎರಡು ಭಾವನೆಗಳಲ್ಲಿ, ಎಂದರೆ ಹೊಸ್ತಿಲು ಬೆಲೆ ಮತ್ತು ಅರ್ಧಾಯುಗಳಲ್ಲಿ, ಅಡಗಿದೆಯೆಂಬುದು ಆಮೇಲೆ ಓದುತ್ತ ಹೋದಂತೆ ನನಗೆ ಮನವರಿಕೆಯಾಯಿತು.

ನರವೂ ಸ್ನಾಯುವೂ ಸಂಧಿಸುವ ಎಡೆ

ಕೆಲಸ ಮಾಡಿದಂತೆಲ್ಲ ಸೋಲುವುದು, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವುದು, ಇದು ಈ ರೋಗದಲ್ಲಿ ಸ್ನಾಯುಗಳ ಮುಖ್ಯ ಲಕ್ಷಣ. ಇಂಗ್ಲೆಂಡಿನ ವೈದ್ಯನಾದ ತಾಮಸ್ ವಿಲ್ಲಿಸನು 1672ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ, ಸ್ವಲ್ಪ ಹೊತ್ತು ನಿರರ್ಗಳವಾಗಿ ಮಾತನಾಡಿದ ಬಳಿಕ ಒಂದೆರಡು ಗಂಟೆಗಳ ಕಾಲ ಒಂದು ಶಬ್ದವನ್ನೂ ನುಡಿಯಲಾರದೆ ಹೋಗುತ್ತಿದ್ದ ಹೆಂಗಸೊಬ್ಬಳನ್ನು ವರ್ಣಿಸಿದ್ದಾನೆ. ಜರ್ಮನಿಯ ಫ್ರೀಡ್ರಿಷ್ ಯೋಲಿ ಎಂಬವನು 1895ರಲ್ಲಿ ಇಂತಹ ರೋಗಿಗಳ ಸ್ನಾಯುಗಳನ್ನು ವಿದ್ಯುತ್ತಿನಿಂದ ಮತ್ತೆ ಮತ್ತೆ ಪ್ರಚೋದಿಸಿದಾಗ ಅವುಗಳ ಪ್ರತಿಕ್ರಿಯೆ ಕ್ರಮೇಣ ಕುಗ್ಗುವುದನ್ನು ತೋರಿಸಿದನು. ರೋಗಕ್ಕೆ ಈಗಿನ ಹೆಸರು ಬಂದುದೂ ಆತನಿಂದಲೇ. ಇಂದಿಗೂ ರೋಗನಿರ್ಣಯಕ್ಕೆ ಬಳಸುವ ವಿದ್ಯುತ್ ಪರೀಕ್ಷೆಯ ತತ್ತ್ವ ಅದೇ.

ನರದಲ್ಲಿ ಹರಿದುಬಂದ ವಿದ್ಯುತ್ ಸಂಕೇತವು ನೇರವಾಗಿ ಸ್ನಾಯುವಿಗೆ ದಾಟುವುದಿಲ್ಲ. ನರದ ತುದಿಗೂ ಸ್ನಾಯುತಂತುವಿಗೂ ನಡುವೆ ಒಂದು ಸಂದು ಇದೆ. ಅದರ ಅಗಲ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಈ ಸಂದನ್ನು ದಾಟಿಸುವ ದೂತನೇ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಸಂಕೇತ ಬಂದೊಡನೆ ನರದ ತುದಿಯಿಂದ ಈ ದ್ರವ್ಯವು ಪೊಟ್ಟಣ ಪೊಟ್ಟಣವಾಗಿ ಹೊರಬೀಳುತ್ತದೆ. ಒಂದೊಂದು ಪೊಟ್ಟಣದಲ್ಲಿಯೂ ಹಲವು ಸಾವಿರ ಅಣುಗಳು. ಪೊಟ್ಟಣಗಳಿವೆಯೆಂಬುದನ್ನು 1950ರ ದಶಕದಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದವರು ಬರ್ನಾರ್ಡ್ ಕಾಟ್ಸ್ ಮತ್ತು ಸಹೋದ್ಯೋಗಿಗಳು. ಬೆಳಕು ಕ್ವಾಂಟಮುಗಳಾಗಿ ಬರುವುದನ್ನು ಓದಿದ ನಮಗೆ, ನರದ ಭಾಷೆಯೂ ಇಡಿ ಇಡಿಯಾಗಿ ಎಣಿಸಬಹುದಾದ ಘಟಕಗಳಿಂದಾದುದೆಂದು ಕೇಳಿದಾಗ ಒಂದು ಬಗೆಯ ಸಂತೋಷವಾಗುತ್ತದೆ. ಕಾಟ್ಸರಿಗೆ 1970ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸಂದನ್ನು ದಾಟಿದ ಅಣುಗಳು ಸ್ನಾಯುವಿನ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಒಡನೆಯೇ ಗ್ರಾಹಕದ ಬಾಗಿಲು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಆ ಸ್ಥಳದಲ್ಲಿ ವಿದ್ಯುದ್ವಿಭವ ಕೆಲವು ಹತ್ತು ಮಿಲಿವೋಲ್ಟುಗಳಷ್ಟು ಏರುತ್ತದೆ. ಈ ಏರಿಕೆ ಒಂದು ನಿರ್ದಿಷ್ಟ ಬೆಲೆಯನ್ನು ದಾಟಿದರೆ ಇಡೀ ತಂತು ಸಂಕೋಚಗೊಳ್ಳುತ್ತದೆ. ದಾಟದಿದ್ದರೆ ಏನೂ ಆಗುವುದಿಲ್ಲ. ಅರ್ಧ ಸಂಕೋಚವೆಂಬುದಿಲ್ಲ. ಇದೇ ಹೊಸ್ತಿಲು ಬೆಲೆ.

ಕೆಲಸ ಮುಂದುವರಿದಂತೆ ಒಂದೊಂದು ಸಂಕೇತಕ್ಕೂ ಹೊರಬೀಳುವ ಪೊಟ್ಟಣಗಳ ಸಂಖ್ಯೆ ಕಡಿಮೆಯಾಗುವುದು ಎಲ್ಲರಲ್ಲಿಯೂ ಸಹಜವೇ. ನಮ್ಮ ಅನುಭವಕ್ಕೆ ಅದು ಬಾರದಿರುವುದಕ್ಕೆ ಕಾರಣ, ಪ್ರಕೃತಿಯು ಅಗತ್ಯಕ್ಕಿಂತ ಬಹಳ ಹೆಚ್ಚಿನ ಏರಿಕೆಯನ್ನು ಮೀಸಲಾಗಿ ಒದಗಿಸಿರುವುದು. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಹೊಸ್ತಿಲು ದಾಟಲು 15 ಮಿಲಿವೋಲ್ಟ್ ಸಾಕು. ಆರೋಗ್ಯವಂತನಲ್ಲಿ ಏರಿಕೆ 40 ಮಿಲಿವೋಲ್ಟ್. ಆಯಾಸದಿಂದ ಅದು 30ಕ್ಕೆ ಇಳಿದರೂ ತೊಂದರೆಯಿಲ್ಲ. ರೋಗಿಯಲ್ಲಿ ಗ್ರಾಹಕಗಳು ನಾಶವಾಗಿ ಏರಿಕೆ 18ಕ್ಕೆ ಕುಸಿದಿದೆಯೆನ್ನೋಣ. ಬೆಳಗಿನ ಮೊದಲ ಮಾತಿಗೆ 18 ಸಾಕು. ಅದೇ ಪ್ರಮಾಣದ ಆಯಾಸದಿಂದ ಅದು 13.5ಕ್ಕೆ ಬಂದೊಡನೆ ತಂತು ಸುಮ್ಮನಾಗುತ್ತದೆ. ಎಲ್ಲ ತಂತುಗಳೂ ಒಂದೇ ಬಾರಿಗೆ ಸುಮ್ಮನಾಗುವುದಿಲ್ಲ, ಒಂದಾದಮೇಲೊಂದು ಕೈಬಿಡುತ್ತವೆ. ಮೂವತ್ತನೆಯ ಆಂದೋಲನದಿಂದ ನಲವತ್ತನೆಯದಕ್ಕೆ ಆ ಹುಡುಗಿಯ ಧ್ವನಿ ಹಂತಹಂತವಾಗಿ ಅಡಗಿದುದು ಹೀಗೆ.

ಗ್ರಾಹಕಗಳನ್ನು ನಾಶಮಾಡುವವರಾರು? ಲಂಡನ್ನಿನ ಗ್ರಿನಿಚ್‌ನಲ್ಲಿ ಕೆಲಸ ಮಾಡುತ್ತಿದ್ದ ಮೇರಿ ವಾಕರ್ ಎಂಬ ವೈದ್ಯೆ ಈ ರೋಗಕ್ಕೂ ಕ್ಯುರಾರೆ ವಿಷದ ಪರಿಣಾಮಕ್ಕೂ ಇರುವ ಹೋಲಿಕೆಯನ್ನು ಗಮನಿಸಿ, ಆ ವಿಷಕ್ಕೆ ಪ್ರತ್ಯೌಷಧವಾದ ಫೈಸೊಸ್ಟಿಗ್ಮೀನನ್ನು 1934ರಲ್ಲಿ ರೋಗಿಗೆ ಚುಚ್ಚಿದಾಗ ಇಳಿಬಿದ್ದ ರೆಪ್ಪೆ ಸ್ವಲ್ಪ ಹೊತ್ತು ಮೇಲೆದ್ದಿತು. ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನು ಈ ಔಷಧ ತಡೆಯುತ್ತದೆ. ಈಗ ಕೊಡುವ ಪಿರಿಡೊಸ್ಟಿಗ್ಮೀನ್ ಮಾತ್ರೆಯೂ ಅದೇ ವಂಶದ್ದು. ಗ್ರಾಹಕಗಳು ಕಡಿಮೆಯಾದರೂ ದೂತನು ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಕೆಲವು ಗಂಟೆಗಳ ಕಾಲ ಹೊಸ್ತಿಲು ದಾಟಿಸುತ್ತದೆ. ರೋಗದ ಮೂಲವನ್ನು ಅದು ಮುಟ್ಟುವುದಿಲ್ಲ.

ಮೂಲ ತಿಳಿದುದು 1973ರಲ್ಲಿ. ದಕ್ಷಿಣ ಅಮೆರಿಕದ ನದಿಗಳಲ್ಲಿ ವಾಸಿಸುವ ವಿದ್ಯುತ್ ಹಾವುಮೀನು ಸಾವಿರಾರು ಕೋಶಗಳನ್ನು ಬ್ಯಾಟರಿಗಳಂತೆ ಶ್ರೇಣಿಯಲ್ಲಿ ಜೋಡಿಸಿಕೊಂಡು ನೂರಾರು ವೋಲ್ಟುಗಳನ್ನು ಉತ್ಪಾದಿಸುತ್ತದೆಯಷ್ಟೆ. ಆ ಕೋಶಗಳು ಮಾರ್ಪಟ್ಟ ಸ್ನಾಯುಗಳೇ. ಅವುಗಳಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕಗಳು ಹೇರಳವಾಗಿವೆ. ಈ ಗ್ರಾಹಕಗಳನ್ನು ಗುರುತುಹಚ್ಚುವುದಕ್ಕೆ ನೆರವಾದುದು ತೈವಾನಿನ ಒಂದು ಹಾವಿನ ವಿಷ. ನಮ್ಮಲ್ಲಿ ಕಡಂಬಳವೆಂದೂ ಕಟ್ಟುಹಾವೆಂದೂ ಕರೆಯುವ ಹಾವಿನ ಹತ್ತಿರದ ಬಂಧು ಅದು. ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಂ ಎಂಬವರು ಹಾವುಮೀನಿನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ದೇಹವು ಆ ಪರಕೀಯ ವಸ್ತುವಿಗೆ ಪ್ರತಿಕಾಯಗಳನ್ನು ತಯಾರಿಸಿತು. ಆ ಪ್ರತಿಕಾಯಗಳು ಮೊಲದ ಸ್ವಂತ ಗ್ರಾಹಕಗಳನ್ನೂ ಹಿಡಿದುಕೊಂಡವು. ಮೊಲಗಳು ನಿಶ್ಶಕ್ತಿಯಿಂದ ಕುಸಿದವು. ಗ್ಲಾಸ್ಗೋದ ಜಾನ್ ಸಿಂಪ್ಸನ್ 1960ರಲ್ಲಿಯೇ ಊಹಿಸಿದ್ದಂತೆ, ರೋಗರಕ್ಷಣೆಗಾಗಿ ಇರುವ ಪಡೆಯೇ ತನ್ನ ಮನೆಯವರ ಮೇಲೆ ತಿರುಗಿಬೀಳುವ ಕಾಯಿಲೆ ಇದು.

ಎದೆಮೂಳೆಯ ಹಿಂದಿನ ಗ್ರಂಥಿ

ಥೈಮಸ್ ಎಂಬುದು ಎದೆಮೂಳೆಯ ಹಿಂದೆ, ಹೃದಯದ ಮೇಲುಭಾಗದಲ್ಲಿ ಇರುವ ಮೃದುವಾದ ಗ್ರಂಥಿ. ಬಾಲ್ಯದಲ್ಲಿ ದೊಡ್ಡದಾಗಿದ್ದು, ಪ್ರಾಯ ಬಂದ ಮೇಲೆ ಕ್ರಮೇಣ ಕುಗ್ಗಿ ಬಹುಪಾಲು ಕೊಬ್ಬಾಗುತ್ತದೆ. ಅದರಿಂದೇನು ಪ್ರಯೋಜನವೆಂಬುದು 1961ರವರೆಗೂ ತಿಳಿದಿರಲಿಲ್ಲ. ಆ ವರ್ಷ ಜಾಕ್ ಮಿಲ್ಲರ್ ಎಂಬವರು, ಹುಟ್ಟಿದ ಕೂಡಲೇ ಥೈಮಸ್ ಕಳೆದುಕೊಂಡ ಇಲಿಮರಿಗಳಿಗೆ ರೋಗಗಳನ್ನು ಎದುರಿಸುವ ಶಕ್ತಿಯೇ ಬೆಳೆಯುವುದಿಲ್ಲವೆಂದು ತೋರಿಸಿದರು. ಅದು ರಕ್ಷಣಾಕೋಶಗಳ ಪಾಠಶಾಲೆ. ತನ್ನದಾವುದು, ಪರರದಾವುದು ಎಂಬ ವಿವೇಕವನ್ನು ಟಿ-ಕೋಶಗಳು ಅಲ್ಲಿ ಕಲಿಯುತ್ತವೆ.

ವಿಚಿತ್ರವೆಂದರೆ, ಅದರ ಕೆಲಸ ತಿಳಿಯುವುದಕ್ಕೆ ಅರ್ಧ ಶತಮಾನ ಮೊದಲೇ ಅದನ್ನು ಕತ್ತರಿಸಿ ತೆಗೆಯುವುದು ಆರಂಭವಾಗಿತ್ತು. ವೈಗರ್ಟ್ ಎಂಬ ಜರ್ಮನ್ ವೈದ್ಯನು 1901ರಲ್ಲಿ ಈ ರೋಗದಿಂದ ಸತ್ತವನೊಬ್ಬನ ಥೈಮಸ್‌ನಲ್ಲಿ ಗೆಡ್ಡೆಯನ್ನು ಕಂಡನು. ಜೂರಿಕ್ಕಿನಲ್ಲಿ ಜಾವರ್‌ಬ್ರುಕ್ 1911ರಲ್ಲಿ ಒಬ್ಬ ರೋಗಿಯ ಥೈಮಸನ್ನು ತೆಗೆದನು. ಆದರೆ ಈ ಚಿಕಿತ್ಸೆಗೆ ನೆಲೆ ಸಿಕ್ಕಿದುದು ಅಮೆರಿಕದ ಆಲ್‌ಫ್ರೆಡ್ ಬ್ಲೇಲಾಕನಿಂದ. ಆತನು 1936ರಲ್ಲಿ ಥೈಮಸ್ ಗೆಡ್ಡೆಯಿದ್ದ ಯುವತಿಯೊಬ್ಬಳಿಗೆ ಶಸ್ತ್ರಕ್ರಿಯೆ ಮಾಡಿದನು. ಆಕೆ ಚೇತರಿಸಿಕೊಂಡುದನ್ನು 1939ರಲ್ಲಿ ಪ್ರಕಟಿಸಿದನು. ಗೆಡ್ಡೆಯಿಲ್ಲದವರಲ್ಲಿಯೂ ಹೀಗೆಯೇ ಆದೀತೇ ಎಂದು ನೋಡಲು 1941ರಿಂದ ತೊಡಗಿದನು. ಅತ್ತ ಲಂಡನ್ನಿನಲ್ಲಿ ಜೆಫ್ರಿ ಕೇನ್ಸ್ 1942ರಿಂದ ಈ ಕೆಲಸವನ್ನು ಕೈಗೊಂಡನು. ಅರ್ಥಶಾಸ್ತ್ರಜ್ಞ ಕೇನ್ಸನ ತಮ್ಮನೇ ಈತ. ಕವಿ ವಿಲಿಯಂ ಬ್ಲೇಕನ ವಿಷಯದಲ್ಲಿ ದೊಡ್ಡ ವಿದ್ವಾಂಸ ಕೂಡ.

ಶಸ್ತ್ರಕ್ರಿಯೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂಬ ವಾದ ಮಾತ್ರ ಎಪ್ಪತ್ತು ವರ್ಷ ನಡೆಯಿತು. ಇದರಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಪಾಠವೊಂದಿದೆ. ಈ ರೋಗವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಶಸ್ತ್ರಕ್ರಿಯೆಗೆ ಆರಿಸುತ್ತಿದ್ದವರು ಸಾಮಾನ್ಯವಾಗಿ ಎಳೆಯರು, ಗಟ್ಟಿಗರು. ಅಂಥವರು ಚೇತರಿಸಿಕೊಂಡರೆ ಕೀರ್ತಿ ಯಾರಿಗೆ ಸಲ್ಲಬೇಕು? ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸದ ಹೊರತು ತೀರ್ಮಾನ ಸಾಧ್ಯವಿಲ್ಲ. ಅಂತಹ ಪರೀಕ್ಷೆಗಾಗಿ ಬಹುಕಾಲ ದುಡಿದ ಇಂಗ್ಲೆಂಡಿನ ಜಾನ್ ನ್ಯೂಸಂ-ಡೇವಿಸ್ ಅದರ ಫಲವನ್ನು ಕಾಣದೆ 2007ರಲ್ಲಿ ತೀರಿಕೊಂಡರು. ಫಲಿತಾಂಶ ಪ್ರಕಟವಾದುದು 2016ರಲ್ಲಿ. ಗೆಡ್ಡೆಯಿಲ್ಲದ, ಗ್ರಾಹಕವಿರೋಧಿ ಪ್ರತಿಕಾಯಗಳಿದ್ದ 126 ರೋಗಿಗಳಲ್ಲಿ ಒಂದು ಗುಂಪಿಗೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರ, ಇನ್ನೊಂದು ಗುಂಪಿಗೆ ಅದರೊಂದಿಗೆ ಶಸ್ತ್ರಕ್ರಿಯೆ. ಮೂರು ವರ್ಷಗಳ ಅವಧಿಯಲ್ಲಿ ದೌರ್ಬಲ್ಯದ ಸರಾಸರಿ ಅಂಕ ಮೊದಲನೆಯ ಗುಂಪಿನಲ್ಲಿ 8.99, ಎರಡನೆಯದರಲ್ಲಿ 6.15. ದಿನ ಬಿಟ್ಟು ದಿನ ಬೇಕಾದ ಸ್ಟೀರಾಯ್ಡ್ ಸರಾಸರಿ 60 ಮಿಲಿಗ್ರಾಂ ಮತ್ತು 44 ಮಿಲಿಗ್ರಾಂ. ರೋಗ ಉಲ್ಬಣಿಸಿ ಆಸ್ಪತ್ರೆ ಸೇರಬೇಕಾದವರು ನೂರಕ್ಕೆ 37 ಮತ್ತು 9. ಕೊನೆಯ ಅಂಕಿಗಳೇ ನನಗೆ ಹೆಚ್ಚು ಮನಮುಟ್ಟಿದವು.

ಆದರೆ ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. 2001ರಲ್ಲಿ ಗುರುತಿಸಲಾದ ಮಸ್ಕ್ ಎಂಬ ಬೇರೊಂದು ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿರುವವರಿಗೆ ಥೈಮಸ್ ತೆಗೆಯುವುದರಿಂದ ಪ್ರಯೋಜನ ಕಂಡಿಲ್ಲ. ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಥೈಮಸ್‌ನಲ್ಲಿ ಗೆಡ್ಡೆಯಿರುತ್ತದೆ. ಅವರಲ್ಲಿ ಗೆಡ್ಡೆಯ ಸಲುವಾಗಿಯೇ ಅದನ್ನು ತೆಗೆಯಬೇಕಾಗುತ್ತದೆ.

ಮೊದಲ ವಾರಗಳು

ಈಗ ಶಸ್ತ್ರಕ್ರಿಯೆಯಾದ ಮೇಲಿನ ಸಂಗತಿಗೆ ಬರೋಣ. ಇಲ್ಲಿ ನಡೆಯುವುದು ಒಂದಲ್ಲ, ಎರಡು ಚೇತರಿಕೆಗಳು. ಮೊದಲನೆಯದು ಗಾಯದ್ದು, ಎರಡನೆಯದು ರೋಗದ್ದು. ಒಂದರ ಗಡಿಯಾರ ವಾರಗಳನ್ನು ಎಣಿಸುತ್ತದೆ, ಇನ್ನೊಂದರದು ತಿಂಗಳುಗಳನ್ನೂ ವರ್ಷಗಳನ್ನೂ. ಇವೆರಡನ್ನೂ ಒಂದೇ ಎಂದು ತಿಳಿದುದರಿಂದಲೇ ಆ ವಿದ್ಯಾರ್ಥಿನಿಗೆ ನಿರಾಶೆಯಾದುದು.

ಹಳೆಯ ಕ್ರಮದಲ್ಲಿ ಎದೆಮೂಳೆಯನ್ನು ನಡುವೆ ಉದ್ದಕ್ಕೆ ಗರಗಸದಿಂದ ಸೀಳಿ, ಗ್ರಂಥಿಯನ್ನೂ ಸುತ್ತಲಿನ ಕೊಬ್ಬನ್ನೂ ತೆಗೆದು, ಮೂಳೆಯನ್ನು ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ತಂತಿಗಳು ಸಾಮಾನ್ಯವಾಗಿ ಜೀವಮಾನವೆಲ್ಲ ಅಲ್ಲಿಯೇ ಉಳಿಯುತ್ತವೆ. ಎಕ್ಸ್-ರೇ ಚಿತ್ರದಲ್ಲಿ ಸಾಲಾಗಿ ಕಾಣುತ್ತವೆ. ಈಗ ಅನೇಕ ಕಡೆ ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ಕ್ಯಾಮೆರಾ ಇಳಿಸಿ ಇದೇ ಕೆಲಸವನ್ನು ಮುಗಿಸುತ್ತಾರೆ. ಆಗ ನೋವೂ ಆಸ್ಪತ್ರೆಯ ವಾಸವೂ ಕಡಿಮೆ. ಯಾವ ದಾರಿಯಿಂದ ಹೋದರೂ ಎರಡು ಬದಿಗಳಲ್ಲಿಯೂ ವಪೆಗೆ ಹೋಗುವ ನರಗಳಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಶಸ್ತ್ರವೈದ್ಯರ ದೊಡ್ಡ ಹೊಣೆ. ಉಸಿರಾಟದ ಮುಖ್ಯ ಸ್ನಾಯು ವಪೆಯೇ ತಾನೆ.

ಸೀಳಿದ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಭಾರವೆತ್ತಬಾರದು, ಕೈಯೂರಿ ಮೇಲೇಳಬಾರದು, ಬಾಗಿಲು ತಳ್ಳಬಾರದು ಎಂದು ಹೇಳುವುದಕ್ಕೆ ಕಾರಣ ಸ್ಪಷ್ಟ. ಎದೆಯ ಎರಡು ಬದಿಯ ದೊಡ್ಡ ಸ್ನಾಯುಗಳು ಎದೆಮೂಳೆಯಿಂದ ಹೊರಟು ತೋಳಿಗೆ ಸೇರುತ್ತವೆ. ತೋಳಿಗೆ ಬಲ ಹಾಕಿದರೆ ಮೂಳೆಯ ಎರಡು ಹೋಳುಗಳೂ ವಿರುದ್ಧ ದಿಕ್ಕಿಗೆ ಎಳೆಯಲ್ಪಡುತ್ತವೆ. ಹನ್ನೆರಡು ಲೀಟರ್ ಹಿಡಿಯುವ ಕೊಡವೆಂದರೆ ನೀರೇ ಹನ್ನೆರಡು ಕಿಲೋಗ್ರಾಂ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಮಲಗಿದ್ದು ಎದ್ದ ಮರುದಿನವೇ ಕೊಡ ಎತ್ತುವುದುಂಟು. ನಾಲ್ಕು ದಿನ ಬೇರೆ ಯಾರಾದರೂ ಎತ್ತಿದರೆ ಮನೆ ಮುಳುಗಿಹೋಗುವುದಿಲ್ಲ.

ಗಾಯಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಉಸಿರಾಟದ ವಿಷಯದಲ್ಲಿ. ನೋವಿಗೆ ಹೆದರಿ ಕೆಮ್ಮದೆ ಇದ್ದರೆ ಕಫ ನಿಂತು ಶ್ವಾಸಕೋಶಕ್ಕೆ ಸೋಂಕು ತಗುಲುತ್ತದೆ. ಯಾವ ರೋಗಿಗಾದರೂ ಇದು ನಿಜ. ಕೆಮ್ಮುವ ಸ್ನಾಯುಗಳೇ ದುರ್ಬಲವಾಗಿರುವ ಈ ರೋಗಿಗಳಿಗಂತೂ ಇಮ್ಮಡಿ ಅಪಾಯ. ಆದ್ದರಿಂದ ಎದೆಗೆ ದಿಂಬನ್ನು ಅವುಚಿಕೊಂಡು ಕೆಮ್ಮಿಸುತ್ತಾರೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣವನ್ನು ಕೊಟ್ಟು ಉಸಿರೆಳೆಯಿಸುತ್ತಾರೆ. ಅನೇಕ ಮನೆಗಳಲ್ಲಿ ಈ ಉಪಕರಣವನ್ನು ನೋಡಿರಬಹುದು. ಮೊದಲ ಚೆಂಡು ಏಳಬೇಕಾದರೆ ಸೆಕೆಂಡಿಗೆ 600 ಘನ ಸೆಂಟಿಮೀಟರ್ ವೇಗದಲ್ಲಿ ಗಾಳಿ ಹರಿಯಬೇಕು. ಎರಡನೆಯದಕ್ಕೆ 900, ಮೂರನೆಯದಕ್ಕೆ 1200. ಮೂರನ್ನೂ ಒಮ್ಮೆಗೇ ಹಾರಿಸುವ ಹಟಕ್ಕಿಂತ, ಒಂದೆರಡನ್ನು ಹೆಚ್ಚು ಹೊತ್ತು ಮೇಲೆ ನಿಲ್ಲಿಸುವುದೇ ಮೇಲು. ಶ್ವಾಸಕೋಶದ ಮೂಲೆಗಳು ಅರಳುವುದಕ್ಕೆ ಸಮಯ ಬೇಕು.

ಆಳವಾಗಿ ಎಳೆದುಕೊಂಡ ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟಾಗ ಬರುವ ಗಾಳಿಯ ಗಾತ್ರವನ್ನು ವೈದ್ಯರು ಮತ್ತೆ ಮತ್ತೆ ಅಳೆಯುತ್ತಾರೆ. ಶಸ್ತ್ರಕ್ರಿಯೆಗೆ ಮುಂಚೆ ಇದು 2.9 ಲೀಟರಿಗಿಂತ ಕಡಿಮೆಯಿದ್ದವರಿಗೆ ಆಮೇಲೆ ಉಸಿರಾಟದ ಯಂತ್ರದ ನೆರವು ಹೆಚ್ಚು ಹೊತ್ತು ಬೇಕಾಗುವ ಸಂಭವವುಂಟೆಂದು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಉಪಕರಣವಿಲ್ಲದ ಒರಟು ಪರೀಕ್ಷೆಯೂ ಒಂದಿದೆ: ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರೆಂದು ನೋಡುವುದು. ಆರೋಗ್ಯವಂತರು ಐವತ್ತರ ಹತ್ತಿರ ಹೋಗುತ್ತಾರೆ. ಇಪ್ಪತ್ತೂ ದಾಟದಿದ್ದರೆ ಕಾಯುತ್ತ ಕೂರುವ ಸಮಯವಲ್ಲ. ಉಸಿರಾಟ ಸೋತು ಯಂತ್ರದ ಆಸರೆ ಬೇಕಾಗುವ ಈ ಬಿಕ್ಕಟ್ಟನ್ನು ತಪ್ಪಿಸುವುದಕ್ಕಾಗಿಯೇ, ದುರ್ಬಲರಾದ ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು ಸೋಸಿ ತೆಗೆದು ಅಥವಾ ದಾನಿಗಳ ರಕ್ತದಿಂದ ಪಡೆದ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು, ಅವರನ್ನು ಹುರಿಗೊಳಿಸಿದ ಅನಂತರವೇ ಶಸ್ತ್ರಕ್ರಿಯೆಗೆ ಒಯ್ಯುತ್ತಾರೆ. ಇದು ತುರ್ತಿನ ಶಸ್ತ್ರಕ್ರಿಯೆಯಲ್ಲ. ಕಾಯ್ದು ಮಾಡುವುದರಲ್ಲಿಯೇ ಕ್ಷೇಮ.

ಮಾತ್ರೆಗಳ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಶಸ್ತ್ರಕ್ರಿಯೆಯಾದ ಕೂಡಲೇ ಕೆಲವರಿಗೆ ಪಿರಿಡೊಸ್ಟಿಗ್ಮೀನ್ ಮೊದಲಿಗಿಂತ ಕಡಿಮೆ ಸಾಕಾಗುತ್ತದೆ. ಹಳೆಯ ಪ್ರಮಾಣವನ್ನೇ ಕೊಟ್ಟರೆ ಜೊಲ್ಲು ಸುರಿಯುವುದು, ಹೊಟ್ಟೆ ನುಲಿಯುವುದು, ಸ್ನಾಯುಗಳು ಅದುರುವುದು ಮಾತ್ರವಲ್ಲ, ಅತಿಯಾದರೆ ದೌರ್ಬಲ್ಯವೇ ಮರುಕಳಿಸುತ್ತದೆ. ಔಷಧ ಕಡಿಮೆಯಾಗಿ ಬಂದ ದೌರ್ಬಲ್ಯವೋ ಹೆಚ್ಚಾಗಿ ಬಂದುದೋ ಎಂಬುದನ್ನು ರೋಗಿ ತಾನೇ ನಿರ್ಣಯಿಸಲಾರ. ಸ್ಟೀರಾಯ್ಡನ್ನಂತೂ ಥಟ್ಟನೆ ನಿಲ್ಲಿಸಲೇಬಾರದು. ತಿಂಗಳುಗಟ್ಟಲೆ ಹೊರಗಿನಿಂದ ಪಡೆದ ದೇಹವು ತನ್ನದನ್ನು ತಯಾರಿಸುವ ಅಭ್ಯಾಸವನ್ನು ಕಳೆದುಕೊಂಡಿರುತ್ತದೆ.

ತೊಟ್ಟಿಯ ಲೆಕ್ಕ

ಇನ್ನು ಮೂರು ತಿಂಗಳ ಪ್ರಶ್ನೆ. ರೋಗ ತರುವ ಪ್ರತಿಕಾಯಗಳು ರಕ್ತದಲ್ಲಿ ಉಳಿಯುವುದೆಷ್ಟು ಕಾಲ? ಅವುಗಳ ಅರ್ಧಾಯು ಸುಮಾರು ಮೂರು ವಾರ. ರೇಡಿಯಂ ಕ್ಷಯಿಸುವ ನಿಯಮವೇ ಇಲ್ಲಿಯೂ: ಹೊಸದು ಹುಟ್ಟದಿದ್ದರೆ ಮೂರು ವಾರಕ್ಕೆ ಅರ್ಧ, ಆರು ವಾರಕ್ಕೆ ಕಾಲು, ಒಂಬತ್ತು ವಾರಕ್ಕೆ ಎಂಟನೆಯ ಒಂದು, ಹನ್ನೆರಡು ವಾರಕ್ಕೆ ಹದಿನಾರನೆಯ ಒಂದು ಪಾಲು. ಸ್ನಾಯುವಿನ ಗ್ರಾಹಕಗಳೂ ಶಾಶ್ವತವಲ್ಲ; ಆರೋಗ್ಯದಲ್ಲಿ ಅವುಗಳ ಅರ್ಧಾಯು ಹತ್ತು ದಿನಗಳಷ್ಟು, ಹಳೆಯವು ಹೋದಂತೆ ಹೊಸವು ಬರುತ್ತಲೇ ಇರುತ್ತವೆ. ಹೀಗಿರಲಾಗಿ, ಥೈಮಸ್ಸೊಂದೇ ಪ್ರತಿಕಾಯಗಳ ಕಾರ್ಖಾನೆಯಾಗಿದ್ದರೆ ಮೂರು ತಿಂಗಳಲ್ಲಿ ರೋಗ ಬಹುಮಟ್ಟಿಗೆ ಮಾಯವಾಗಬೇಕಿತ್ತು. ಹಾಗಾಗುವುದು ವಿರಳ. ಎಂದಮೇಲೆ ಕಾರ್ಖಾನೆಗಳು ಬೇರೆಡೆಯೂ ಇವೆಯೆಂದೇ ಅರ್ಥ.

ಅವು ಇರುವುದೂ ನಿಜ. ಥೈಮಸ್‌ನೊಳಗೆ ಸ್ನಾಯುಕೋಶಗಳನ್ನು ಹೋಲುವ ಕೆಲವು ಕೋಶಗಳಿವೆ. ಅವುಗಳ ಮೇಲೂ ಅಸಿಟೈಲ್‌ಕೋಲಿನ್ ಗ್ರಾಹಕಗಳುಂಟು. ಈ ರೋಗದಲ್ಲಿ ಗ್ರಾಹಕಗಳನ್ನು ಶತ್ರುವೆಂದು ತಪ್ಪಾಗಿ ಕಲಿಯುವ ಕಾರ್ಯ ಬಹುಶಃ ಅಲ್ಲಿ ಆರಂಭವಾಗುತ್ತದೆ. ಆದರೆ ಹಾಗೆ ಕಲಿತ ಕೋಶಗಳು ಅಲ್ಲಿಯೇ ಕುಳಿತಿರುವುದಿಲ್ಲ. ಕೆಲವು ದುಗ್ಧರಸ ಗ್ರಂಥಿಗಳಿಗೂ ಅಸ್ಥಿಮಜ್ಜೆಗೂ ಹೋಗಿ ನೆಲಸಿ, ದೀರ್ಘಕಾಲ ಪ್ರತಿಕಾಯಗಳನ್ನು ತಯಾರಿಸುತ್ತಿರುತ್ತವೆ. ಪಾಠಶಾಲೆಯನ್ನು ಮುಚ್ಚಿದಾಕ್ಷಣ ಅಲ್ಲಿ ಓದಿ ಹೊರಬಿದ್ದವರು ಕಲಿತದ್ದನ್ನು ಮರೆಯುತ್ತಾರೆಯೇ?

ಒಂದು ನೀರಿನ ತೊಟ್ಟಿಯನ್ನು ನೆನೆಯಿರಿ. ಎರಡು ನಲ್ಲಿಗಳಿಂದ ನೀರು ಬೀಳುತ್ತಿದೆ. ತಳದ ತೂತಿನಿಂದ ಇರುವ ನೀರಿನ ಪ್ರಮಾಣಕ್ಕೆ ಅನುಗುಣವಾಗಿ ಸೋರುತ್ತಿದೆಯೆನ್ನೋಣ. ಬರುವುದೂ ಹೋಗುವುದೂ ಸಮವಾದ ಮಟ್ಟದಲ್ಲಿ ನೀರು ನಿಂತಿದೆ. ಅದನ್ನು 100 ಎಂದು ಕರೆಯೋಣ. ಥೈಮಸ್ ಎಂಬ ನಲ್ಲಿಯ ಪಾಲು 40, ಉಳಿದೆಡೆಗಳದು 60 ಎಂದು ಕಲ್ಪಿಸಿಕೊಂಡು ಮೊದಲನೆಯದನ್ನು ಕಿತ್ತುಹಾಕಿದರೆ ಮಟ್ಟ ಶೂನ್ಯಕ್ಕೆ ಬಾರದೆ 60ರ ಕಡೆಗೆ ಇಳಿಯುತ್ತದೆ. ಹನ್ನೆರಡು ವಾರಗಳಲ್ಲಿ 40ರ ಹದಿನಾರನೆಯ ಒಂದು ಪಾಲು, ಎಂದರೆ 2.5 ಉಳಿದಿರುತ್ತದೆ, ಒಟ್ಟು ಮಟ್ಟ 62.5. ಇಲ್ಲಿಂದ ಮುಂದಿನ ಇಳಿತ ಬೇರೆ ಬಗೆಯದು. ಎರಡನೆಯ ನಲ್ಲಿಗೆ ಹೊಸ ಕೋಶಗಳ ಪೂರೈಕೆ ಕುಗ್ಗಿದೆ. ಹಳೆಯ ಕೋಶಗಳು ಒಂದೊಂದಾಗಿ ಸಾಯುತ್ತ ಬಂದಂತೆ ಅದು ತಾನಾಗಿಯೇ ಸಣ್ಣದಾಗಬೇಕು. ಇದಕ್ಕೆ ಬೇಕಾದುದು ತಿಂಗಳುಗಳು, ಹಲವರಲ್ಲಿ ಎರಡು ಮೂರು ವರ್ಷಗಳು. ಅಷ್ಟರವರೆಗೆ ಸ್ಟೀರಾಯ್ಡ್ ಮತ್ತಿತರ ಔಷಧಗಳು ಆ ನಲ್ಲಿಯನ್ನು ಅದುಮಿಹಿಡಿಯುತ್ತವೆ. ಅಂಕಿಗಳು ನನ್ನ ಕಲ್ಪನೆಯವು. ಮನುಷ್ಯದೇಹವು ತೊಟ್ಟಿಯಷ್ಟು ಸರಳವಲ್ಲವೆಂದು ವೈದ್ಯರು ಆಕ್ಷೇಪಿಸಿದರೆ ಒಪ್ಪತಕ್ಕದ್ದೇ. ಒಬ್ಬರ ರಕ್ತದಲ್ಲಿನ ಪ್ರತಿಕಾಯಗಳ ಮಟ್ಟವನ್ನು ಇನ್ನೊಬ್ಬರದರೊಡನೆ ಹೋಲಿಸಿ ರೋಗದ ಉಗ್ರತೆಯನ್ನು ಹೇಳುವುದಕ್ಕಂತೂ ಸಾಧ್ಯವಿಲ್ಲ.

ಈ ಲೆಕ್ಕಕ್ಕೆ ಹೊಸ್ತಿಲಿನ ಮಾತನ್ನು ಸೇರಿಸಿದರೆ ಚೇತರಿಕೆಯ ಏರುಪೇರುಗಳೂ ಅರ್ಥವಾಗುತ್ತವೆ. ಏರಿಕೆ 13ರಿಂದ 14ಕ್ಕೆ ಬಂದಾಗ ರೋಗಿಗೆ ಏನೂ ತಿಳಿಯುವುದಿಲ್ಲ. 14ರಿಂದ 16ಕ್ಕೆ ಬಂದ ವಾರದಲ್ಲಿ ರೆಪ್ಪೆ ಮೇಲೇಳುತ್ತದೆ. ಆದರೆ ಮೀಸಲು ಇನ್ನೂ ಅತ್ಯಲ್ಪ. ಒಂದು ಜ್ವರ, ಒಂದು ನಿದ್ದೆಗೆಟ್ಟ ರಾತ್ರಿ, ಬೇಸಗೆಯ ಬಿಸಿಲು, ಸುಡುನೀರಿನ ಸ್ನಾನ ಅದನ್ನು ಮತ್ತೆ ಕೆಳಗೆ ತಳ್ಳಬಲ್ಲದು. ಉಷ್ಣತೆ ಹೆಚ್ಚಿದರೆ ಈ ಸಂಧಿಯ ಕೆಲಸ ಕೆಡುತ್ತದೆ, ತಂಪಿನಲ್ಲಿ ಸುಧಾರಿಸುತ್ತದೆ; ಮಂಜುಗಡ್ಡೆಯ ಪೊಟ್ಟಣವನ್ನು ಕಣ್ಣಿನ ಮೇಲೆ ಎರಡು ನಿಮಿಷವಿಟ್ಟು ರೆಪ್ಪೆ ಏಳುವುದೇ ಎಂದು ನೋಡುವುದು ವೈದ್ಯರ ಪರೀಕ್ಷೆಗಳಲ್ಲೊಂದು. ಬೇರೆ ಕಾಯಿಲೆಗೆಂದು ನುಂಗಿದ ಔಷಧವೂ ಮೀಸಲನ್ನು ಕಸಿಯಬಹುದು: ಜೆಂಟಮೈಸಿನ್ ವಂಶದ ಚುಚ್ಚುಮದ್ದುಗಳು, ಸಿಪ್ರೊಫ್ಲಾಕ್ಸಸಿನ್ ಮತ್ತು ಅಜಿತ್ರೊಮೈಸಿನ್ ಜಾತಿಯ ಮಾತ್ರೆಗಳು, ಮಲೇರಿಯಕ್ಕೆ ಕೊಡುವ ಕ್ವಿನೀನ್, ರಕ್ತನಾಳಕ್ಕೆ ಕೊಡುವ ಮೆಗ್ನೀಷಿಯಂ. ಔಷಧದಂಗಡಿಯಲ್ಲಿ ಕೇಳಿದೊಡನೆ ಮಾತ್ರೆ ಸಿಗುವ ನಮ್ಮ ಊರುಗಳಲ್ಲಿ ಈ ಪಟ್ಟಿಯನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಗ್ರಂಥಿಯನ್ನು ತೆಗೆದ ಮಾತ್ರಕ್ಕೆ ಈ ಎಚ್ಚರ ಮುಗಿಯುವುದಿಲ್ಲ.

ಥೈಮಸ್ ಇಲ್ಲದೆ ದೊಡ್ಡವರಿಗೆ ಏನೂ ನಷ್ಟವಿಲ್ಲವೇ? ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಬೇರೆ ಬೇರೆ ಕಾರಣಗಳಿಂದ ಎದೆಯ ಶಸ್ತ್ರಕ್ರಿಯೆಯಲ್ಲಿ ಥೈಮಸ್ ಕಳೆದುಕೊಂಡ ವಯಸ್ಕರನ್ನು, ಅದನ್ನು ಉಳಿಸಿಕೊಂಡವರೊಡನೆ ಹೋಲಿಸಿದ ಬಾಸ್ಟನ್ನಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಐದು ವರ್ಷಗಳೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 8.1, ಎರಡನೆಯದರಲ್ಲಿ 2.8. ಇದು ಈ ರೋಗಕ್ಕಾಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ಕುರಿತ ಅಧ್ಯಯನವಲ್ಲ. ಇವರಿಗೆ ಸಿಗುವ ಲಾಭವನ್ನು ಅದು ಅಳೆದಿಲ್ಲ. ಆದರೂ ಅಡ್ಡ ಬಂದಿತೆಂದು ಕತ್ತರಿಸಿ ಎಸೆಯಬಹುದಾದ ವಸ್ತು ಅದಲ್ಲವೆಂಬುದು ಗೊತ್ತಾಯಿತು.

ನಮ್ಮ ವಿದ್ಯಾರ್ಥಿನಿ ಅಂದು ವೈದ್ಯರ ಬಳಿಗೆ ಹಿಂದಿರುಗಿದಳು; ಮಾತ್ರೆಗಳನ್ನು ಬಿಡಲಿಲ್ಲ. ಮೊದಲ ಆರು ತಿಂಗಳು ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ನಡುವೆ ಒಮ್ಮೆ ನೆಗಡಿ ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಒಂದು ವರ್ಷವಾದ ಮೇಲೆ ಸ್ಟೀರಾಯ್ಡನ್ನು ಇಳಿಸತೊಡಗಿದರು. ಈಗ ಎರಡು ವರ್ಷ ಕಳೆದಿದೆ. ದಿನಕ್ಕೆ ಐದು ಇದ್ದ ಪಿರಿಡೊಸ್ಟಿಗ್ಮೀನ್ ಮಾತ್ರೆ ಎರಡಕ್ಕೆ ಬಂದಿದೆ, ಸ್ಟೀರಾಯ್ಡ್ ಸ್ವಲ್ಪ ಉಳಿದಿದೆ. ಬಿ.ಎಡ್. ತರಗತಿ ಸೇರಿ, ಪ್ರೌಢಶಾಲೆಯೊಂದರಲ್ಲಿ ಅಭ್ಯಾಸಪಾಠಗಳನ್ನು ಮಾಡುತ್ತಿದ್ದಾಳೆ. ಮಧ್ಯಾಹ್ನದ ಮೇಲಿನ ಪಾಠಗಳನ್ನು ಬೆಳಗ್ಗೆಗೆ ಬದಲಾಯಿಸಿಕೊಂಡಿದ್ದಾಳೆ. ನಲವತ್ತು ನಿಮಿಷದ ಪಾಠದ ನಡುವೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ತಾನು ಐದು ನಿಮಿಷ ಕುರ್ಚಿಯ ಮೇಲೆ ಕುಳಿತು ಕೇಳುತ್ತಾಳಂತೆ.